ಕಾಲೂರಲು ನೆಲವಿಲ್ಲದ ಟೆಲಿಸ್ಕೋಪು

(ಹಾಸನದ ಕಾಲೇಜೊಂದರ ಸಭಾಂಗಣದಲ್ಲಿ ವಿದ್ಯಾರ್ಥಿಗಳಿಗೂ ಊರಿನ ಆಸಕ್ತರಿಗೂ ಕೊಟ್ಟ ಉಪನ್ಯಾಸ ಇದು. ಬರಹಕ್ಕೆ ಇಳಿಸುವಾಗ ಸ್ಲೈಡುಗಳಲ್ಲಿದ್ದ ಅಂಕಿ ಅಂಶಗಳನ್ನು ಮಾತಿನೊಳಗೇ ಸೇರಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ.

ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆ ಎಂಸಿಎಫ್‌ನ ದೊಡ್ಡ ಬಿಳಿ ತಟ್ಟೆಗಳ ಪರಿಚಯ ಮಾಡಿಕೊಡಬೇಕಿಲ್ಲ. ಇಸ್ರೋದ ಈ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳ ಯೋಗಕ್ಷೇಮ ನೋಡಿಕೊಳ್ಳುವುದು ಮುಖ್ಯವಾಗಿ ಇಲ್ಲಿಂದ. ನಾನು ಇವತ್ತು ಮಾತಾಡುವುದು ಅದರ ಸಾವಿರದಲ್ಲೊಂದು ಪಾಲು ಎತ್ತರದ ಬಗ್ಗೆ. ಬರೀ 36 ಕಿಲೋಮೀಟರ್, ಬಲೂನಿಗೆ ನೇತುಹಾಕಿದ ಟೆಲಿಸ್ಕೋಪು ತೇಲುವ ಎತ್ತರ. ಆದರೆ ಒಂದು ವಿಷಯದಲ್ಲಿ ಈ ಕೆಲಸ ಅದಕ್ಕಿಂತ ಕಷ್ಟ. ಗುರಿ ಹಿಡಿಯುವ ವಿಷಯದಲ್ಲಿ.

ಮೊದಲು ತಟ್ಟೆಯ ಕತೆ ನೋಡೋಣ. 11 ಮೀಟರ್ ಅಗಲದ ತಟ್ಟೆಯೊಂದು 4 ಗಿಗಾಹರ್ಟ್ಸ್ ಅಲೆಗಳನ್ನು ಹಿಡಿಯುವಾಗ ಅದರ ನೋಟದ ಅಗಲ ಸುಮಾರು ಅರ್ಧ ಡಿಗ್ರಿ. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲವೂ ಅಷ್ಟೇ. ಅದರ ಹತ್ತನೇ ಒಂದು ಪಾಲು ಆಚೀಚೆಯಾದರೂ ಕೆಲಸ ಕೆಡುವುದಿಲ್ಲ. ಮೇಲಾಗಿ ತಟ್ಟೆ ಕೂತಿರುವುದು ಕಾಂಕ್ರೀಟ್ ಬುನಾದಿಯ ಮೇಲೆ. ಮೋಟಾರು ತಟ್ಟೆಯನ್ನು ಎಡಕ್ಕೆ ತಿರುಗಿಸಿದರೆ ಬುನಾದಿ ಬಲಕ್ಕೆ ತಿರುಗಲು ನೋಡುತ್ತದೆ. ಆದರೆ ಬುನಾದಿಯ ಹಿಂದೆ ಇಡೀ ಭೂಮಿ ಇದೆ. ಅದೆಲ್ಲಿ ಅಲುಗುತ್ತದೆ? ಹಾಗಾಗಿ ನಾವು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈಗ ಆ ಬುನಾದಿಯನ್ನು ತೆಗೆದುಬಿಡಿ. ಒಂದೆರಡು ಟನ್ ತೂಕದ ಟೆಲಿಸ್ಕೋಪನ್ನು ಹಗ್ಗದ ತುದಿಗೆ ಕಟ್ಟಿ. ಹಗ್ಗದ ಇನ್ನೊಂದು ತುದಿಯನ್ನು ತೇಲುವ ಬಲೂನಿಗೆ ಕಟ್ಟಿ. ಈಗ ಗುರಿ ಹಿಡಿಯಿರಿ ನೋಡೋಣ.

ಇಷ್ಟೆಲ್ಲ ಕಷ್ಟಪಟ್ಟು ಬಲೂನಿಗೆ ಯಾಕೆ ಕಟ್ಟಬೇಕು ಅಂತ ಕೇಳಬಹುದು. ಕಾರಣ ಗಾಳಿ. 36 ಕಿಲೋಮೀಟರ್ ಮೇಲೆ ಹೋದರೆ ವಾತಾವರಣದ ಶೇಕಡಾ 99ಕ್ಕೂ ಜಾಸ್ತಿ ನಮ್ಮ ಕೆಳಗೆ ಉಳಿಯುತ್ತದೆ. ನೆಲದಿಂದ ನೋಡುವಾಗ ನಕ್ಷತ್ರ ಮಿನುಗುತ್ತದೆ. ಕವಿಗಳಿಗೆ ಅದು ಚೆಂದ. ಟೆಲಿಸ್ಕೋಪಿಗೆ ಅದೇ ತಲೆನೋವು, ಚಿತ್ರ ಕಲಸಿಹೋಗುತ್ತದೆ. ದೂರದ ಇನ್‌ಫ್ರಾರೆಡ್ ಕಿರಣಗಳನ್ನು ಗಾಳಿಯಲ್ಲಿರುವ ನೀರಾವಿ ನುಂಗಿಬಿಡುತ್ತದೆ, ಎಕ್ಸ್ ಕಿರಣಗಳು ನೆಲ ಮುಟ್ಟುವುದೇ ಇಲ್ಲ. ಅಷ್ಟು ಮೇಲೆ ಹೋದರೆ ಅರ್ಧ ಮೀಟರ್ ಅಗಲದ ಕನ್ನಡಿಯೂ ತನ್ನ ಪೂರ್ತಿ ಶಕ್ತಿ ತೋರಿಸಬಲ್ಲದು. ರಾಕೆಟ್ಟಿನ ಖರ್ಚಿಲ್ಲ. ಇಳಿದ ಮೇಲೆ ಉಪಕರಣ ಕೈಗೆ ಸಿಕ್ಕರೆ ರಿಪೇರಿ ಮಾಡಿ ಮತ್ತೆ ಹಾರಿಸಬಹುದು.

ನಮ್ಮ ಕಡೆಗೆ ಇದು ಹೊಸದೇನಲ್ಲ. 1940ರ ಸುಮಾರಿಗೆ ಅಮೆರಿಕದ ವಿಜ್ಞಾನಿ ರಾಬರ್ಟ್ ಮಿಲಿಕನ್ ಅವರ ತಂಡ ಕಾಸ್ಮಿಕ್ ಕಿರಣ ಅಳೆಯಲು ಬೆಂಗಳೂರಿನಿಂದ ಬಲೂನು ಬಿಟ್ಟಿತ್ತು. ಭೂಮಿಯ ಕಾಂತ ಸಮಭಾಜಕ (ಕಾಂತಕ್ಷೇತ್ರ ನೆಲಕ್ಕೆ ಸಮವಾಗಿರುವ ಗೆರೆ) ದಕ್ಷಿಣ ಭಾರತದ ಮೇಲೆ ಹಾದುಹೋಗುವುದು ಅವರನ್ನು ಇಲ್ಲಿಗೆ ಕರೆತಂದಿತ್ತು. ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಅದೇ ಕೆಲಸ ಹಿಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಬಲೂನ್ ಕೇಂದ್ರ ಇವತ್ತಿಗೂ ಹೈದರಾಬಾದಿನಲ್ಲಿದೆ. ತನ್ನ ಬಲೂನುಗಳನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ. ಒಂದು ಮೀಟರ್ ಕನ್ನಡಿಯ ಇನ್‌ಫ್ರಾರೆಡ್ ಟೆಲಿಸ್ಕೋಪನ್ನೂ ಅಲ್ಲಿಂದ ಹಾರಿಸಿದ್ದಾರೆ.

ಎಷ್ಟು ನಿಖರ ಬೇಕು? ಒಂದು ಡಿಗ್ರಿಯಲ್ಲಿ 60 ಆರ್ಕ್ ಮಿನಿಟ್, ಒಂದು ಆರ್ಕ್ ಮಿನಿಟಿನಲ್ಲಿ 60 ಆರ್ಕ್ ಸೆಕೆಂಡ್. ಅಂದರೆ ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಆರ್ಕ್ ಸೆಕೆಂಡ್. ಇದು ಕಣ್ಣಿಗೆ ಕಟ್ಟಬೇಕಾದರೆ ಹೀಗೆ ಲೆಕ್ಕ ಹಾಕಿ. ಈ ಸಭಾಂಗಣದಿಂದ ಮುಳ್ಳಯ್ಯನಗಿರಿಯ ತುದಿ ನೇರ ಗೆರೆಯಲ್ಲಿ ಸುಮಾರು 60 ಕಿಲೋಮೀಟರ್. ಅಲ್ಲಿ ನಿಮ್ಮ ಸ್ನೇಹಿತ ಒಂದು ಅಡಿಯ ಸ್ಕೇಲನ್ನು ಅಡ್ಡಡ್ಡ ಹಿಡಿದು ನಿಂತಿದ್ದಾನೆ ಅಂದುಕೊಳ್ಳಿ. ಇಲ್ಲಿಂದ ನೋಡಿದರೆ ಸ್ಕೇಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವ ಕೋನ ಹೆಚ್ಚುಕಡಿಮೆ ಒಂದು ಆರ್ಕ್ ಸೆಕೆಂಡ್. ಒಳ್ಳೆಯ ಬಲೂನ್ ಟೆಲಿಸ್ಕೋಪಿನಲ್ಲಿ ಚಿತ್ರ ಅದರ ಇಪ್ಪತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಅಲುಗಬಾರದು. ಅಂದರೆ ಆ ಸ್ಕೇಲಿನ ಮೇಲೆ ಒಂದೂವರೆ ಸೆಂಟಿಮೀಟರ್. ಅದೂ ಒಂದು ಕ್ಷಣಕ್ಕಲ್ಲ, ಐದು ನಿಮಿಷ ಕ್ಯಾಮೆರಾ ತೆರೆದಿಟ್ಟಿರುವಷ್ಟು ಹೊತ್ತೂ.

ಈಗ ಈ ಡಬ್ಬಿ ನೋಡಿ. (ವೇದಿಕೆಯ ಮೇಲೆ ಒಂದು ಸ್ಟ್ಯಾಂಡಿಗೆ ಗಾಳಿಪಟದ ದಾರದಿಂದ ಒಂದು ಟಿಫಿನ್ ಡಬ್ಬಿಯನ್ನು ನೇತುಹಾಕಿದ್ದೆ.) ಇದರೊಳಗೆ ಹಳೇ ಕಂಪ್ಯೂಟರಿನ ಫ್ಯಾನ್ ಮೋಟಾರಿದೆ. ರೆಕ್ಕೆ ಕಿತ್ತುಹಾಕಿ ಅದರ ಜಾಗದಲ್ಲಿ ಒಂದು ಉಕ್ಕಿನ ಬಿಲ್ಲೆ ಅಂಟಿಸಿದ್ದೇನೆ. ಜೊತೆಗೊಂದು ಬ್ಯಾಟರಿ. ಡಬ್ಬಿಯ ಹೊರಗೆ ಒಂದು ಬಾಣದ ಗುರುತು. ಸ್ವಿಚ್ ಹಾಕುತ್ತೇನೆ. ಒಳಗೆ ಬಿಲ್ಲೆ ಒಂದು ದಿಕ್ಕಿಗೆ ವೇಗ ಹಿಡಿಯಿತು, ಡಬ್ಬಿ ಇನ್ನೊಂದು ದಿಕ್ಕಿಗೆ ತಿರುಗಿತು. ಸ್ವಿಚ್ ಆರಿಸುತ್ತೇನೆ. ಬಿಲ್ಲೆ ನಿಧಾನವಾಗುತ್ತಿದ್ದ ಹಾಗೆ ಡಬ್ಬಿ ವಾಪಸ್ ಬಂತು. ಹೊರಗಿನಿಂದ ಯಾರೂ ಮುಟ್ಟಲಿಲ್ಲ.

ಇಷ್ಟು ಹೊತ್ತಿಗೆ ಎರಡನೇ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು, "ಅಲ್ಲಪ್ಪಾ, ಬಾವಿಯಲ್ಲಿ ನೀರು ಸೇದುವಾಗ ಕೊಡ ತಿರುಗ್ತದಲ್ಲ, ಹಾಗೇ ಇದು ಸುಮ್ನೆ ತಿರುಗಲ್ವಾ?" ಅಂದರು.

ಸರಿಯಾಗಿ ಕೇಳಿದಿರಿ ಅಜ್ಜಿ. ಕೊಡ ತಿರುಗುವುದು ಹಗ್ಗದ ಹುರಿ ಬಿಚ್ಚಿಕೊಳ್ಳುವುದರಿಂದ. ಬಲೂನಿನ ಕೆಳಗೂ ಅದೇ ಕಾಟ. ಬಲೂನು ತಾನೇ ನಿಧಾನಕ್ಕೆ ಸುತ್ತುತ್ತಿರುತ್ತದೆ. ಅದರ ಜೊತೆ ಹಗ್ಗ ಹುರಿಗೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಕೆಳಗಿರುವ ಪೆಟ್ಟಿಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಈ ಪೆಟ್ಟಿಗೆಗೆ, ಅಂದರೆ ಟೆಲಿಸ್ಕೋಪು ಮತ್ತು ಅದರ ಸಾಮಾನೆಲ್ಲ ಕೂತ ಚೌಕಟ್ಟಿಗೆ, ಗೊಂಡೋಲಾ ಅನ್ನುತ್ತಾರೆ. ಹಗ್ಗದ ಎಳೆತಕ್ಕೆ ಗೊಂಡೋಲಾ ತಿರುಗಬಾರದು ಅಂದರೆ ಒಳಗಿನ ಚಕ್ರ ಆ ಎಳೆತವನ್ನು ನುಂಗಬೇಕು. ಈ ಚಕ್ರವೇ ರಿಯಾಕ್ಷನ್ ವೀಲ್. ಉಪಗ್ರಹಗಳಲ್ಲೂ ಇದೇ ಇರುತ್ತದೆ.

ಆದರೆ ಚಕ್ರಕ್ಕೂ ಒಂದು ಮಿತಿ ಇದೆ. ಹಗ್ಗ ಒಂದೇ ದಿಕ್ಕಿಗೆ ಎಳೆಯುತ್ತಿದ್ದರೆ ಚಕ್ರ ವೇಗ ಹೆಚ್ಚಿಸುತ್ತಲೇ ಹೋಗಬೇಕು. ಕೊನೆಗೊಮ್ಮೆ ಮೋಟಾರಿನ ಕೈಲಾಗದೆ ನಿಲ್ಲುತ್ತದೆ. ಆಗ ಏನು ಗತಿ? ಇಲ್ಲಿ ಬಲೂನ್ ಎಂಜಿನಿಯರುಗಳು ಮಾಡುವುದು ನನಗೆ ಬಹಳ ಇಷ್ಟ. ಹಗ್ಗ ಗೊಂಡೋಲಾಗೆ ಸೇರುವ ಜಾಗದಲ್ಲಿ ಇನ್ನೊಂದು ಮೋಟಾರು ಇಡುತ್ತಾರೆ. ಪಿವಟ್ ಅನ್ನುತ್ತಾರೆ ಅದಕ್ಕೆ. ಚಕ್ರದ ವೇಗ ಜಾಸ್ತಿಯಾಗುತ್ತಿದೆ ಅನ್ನಿಸಿದಾಗ ಪಿವಟ್ ಮೋಟಾರು ಹಗ್ಗವನ್ನು ಹಿಡಿದು ತಿರುಚುತ್ತದೆ. ಆ ತಿರುಚು ಮೇಲೆ ಬಲೂನಿಗೆ ಹೋಗುತ್ತದೆ. ಬಲೂನು ಎಷ್ಟು ದೊಡ್ಡದು ಅಂದರೆ, ನಾಸಾದ ಒಂದು ಸೂಪರ್ ಪ್ರೆಶರ್ ಬಲೂನು ಉಬ್ಬಿದಾಗ 5.3 ಲಕ್ಷ ಘನ ಮೀಟರ್. ಅದನ್ನು ಅಷ್ಟು ಸುಲಭಕ್ಕೆ ತಿರುಗಿಸಲಾಗುವುದಿಲ್ಲ. ಎಂಸಿಎಫ್ ತಟ್ಟೆಗೆ ಭೂಮಿ ಹೇಗೋ, ಇಲ್ಲಿ ಬಲೂನು ಹಾಗೆ. ಪೂರ್ತಿ ಗಟ್ಟಿಯಲ್ಲದಿದ್ದರೂ ಸಾಕಷ್ಟು ಗಟ್ಟಿ.

ಇನ್ನೊಂದು ಸಣ್ಣ ಶತ್ರು ಇದ್ದಾನೆ. ಬೇರಿಂಗ್. ನಿಂತ ಬೇರಿಂಗನ್ನು ಅಲುಗಿಸಲು ತುಸು ಹೆಚ್ಚು ಬಲ ಬೇಕು, ಅಲುಗಿದ ಮೇಲೆ ಕಡಿಮೆ ಸಾಕು. ಹಾಗಾಗಿ ನಿಧಾನಕ್ಕೆ ತಳ್ಳಿದರೆ ಅದು ಅಲುಗದೆ ಕೂತಿದ್ದು, ಆಮೇಲೆ ಜಿಗಿಯುತ್ತದೆ. ತುಕ್ಕು ಹಿಡಿದ ಗೇಟನ್ನು ತೆರೆದವರಿಗೆ ಇದನ್ನು ಹೇಳಬೇಕಿಲ್ಲ. ಆರ್ಕ್ ಸೆಕೆಂಡಿನ ಲೋಕದಲ್ಲಿ ಆ ಜಿಗಿತವೇ ದೊಡ್ಡ ಭೂಕಂಪ. ಅದಕ್ಕೇ ಚಕ್ರವನ್ನು ಯಾವಾಗಲೂ ತಿರುಗುತ್ತಲೇ ಇಡುತ್ತಾರೆ, ಸೊನ್ನೆ ವೇಗಕ್ಕೆ ಬರಲು ಬಿಡುವುದೇ ಇಲ್ಲ. ನಾಸಾದ ವಾಲೊಪ್ಸ್ ಕೇಂದ್ರದವರು ತಮ್ಮ ಪಾಯಿಂಟಿಂಗ್ ವ್ಯವಸ್ಥೆಯಲ್ಲಿ ಬೇರಿಂಗಿನ ಒಳಗಿನ ಶಾಫ್ಟನ್ನೇ ಸದಾ ತಿರುಗಿಸುತ್ತಿರುತ್ತಾರೆ. ಸೂಪರ್‌ಬಿಟ್ ಎಂಬ ಟೆಲಿಸ್ಕೋಪಿನವರು ಒಳಚೌಕಟ್ಟುಗಳಲ್ಲಿ ಬೇರಿಂಗನ್ನೇ ಬಿಟ್ಟು, ಬಾಗುವ ಲೋಹದ ಪಟ್ಟಿಗಳ ಮೇಲೆ ಕೂರಿಸಿದರು. ಪಟ್ಟಿ ಕೆಲವೇ ಡಿಗ್ರಿ ಬಾಗುತ್ತದೆ. ಆದರೆ ಉಜ್ಜಾಟವೇ ಇಲ್ಲ.

ತಿರುಗಿಸುವುದಾಯಿತು. ಎಷ್ಟು ತಿರುಗಿಸಬೇಕು ಅಂತ ಗೊತ್ತಾಗುವುದು ಹೇಗೆ? ನನ್ನ ಪ್ರಕಾರ ಈ ಇಡೀ ವಿಷಯದ ಸ್ವಾರಸ್ಯ ಇರುವುದು ಇಲ್ಲಿ.

ಮನೆ ಕಟ್ಟುವಾಗ ಮೇಸ್ತ್ರಿ ರಸಮಟ್ಟ ಇಟ್ಟು ನೋಡುತ್ತಾರೆ. ಗುಳ್ಳೆ ಮಧ್ಯಕ್ಕೆ ಬಂದರೆ ಮಟ್ಟಸ. ಗೊಂಡೋಲಾದಲ್ಲೂ ಒಂದು ರಸಮಟ್ಟ ಇಟ್ಟರೆ ಅದು ವಾಲಿದ್ದು ಗೊತ್ತಾಗುತ್ತದೆ ಅಂತ ಯಾರಿಗಾದರೂ ಅನ್ನಿಸಬೇಕು. ಅನ್ನಿಸುತ್ತದೆ ಕೂಡ. ಆದರೆ ಅದು ಕುರುಡು! ಯಾಕೆ ಅಂತ ನೋಡಿ. ಈ ಡಬ್ಬಿಯನ್ನು ಈಗ ಹಿಂದಕ್ಕೂ ಮುಂದಕ್ಕೂ ತೂಗಿಬಿಡುತ್ತೇನೆ. ಮುಚ್ಚಳದ ಮೇಲೆ ಒಂದು ಲೋಟದಲ್ಲಿ ಅರ್ಧ ನೀರಿದೆ, ಟೇಪ್ ಹಾಕಿ ಅಂಟಿಸಿದ್ದೇನೆ. ಡಬ್ಬಿ ಒಂದು ಬದಿಗೆ ಹೋದಾಗ ಲೋಟ ಓರೆಯಾಗುತ್ತದೆ ಅಲ್ವಾ? ನೀರು ಚೆಲ್ಲಬೇಕಿತ್ತು. ಮುಂದೆ ಕೂತವರು ಸರಿಯಾಗಿ ನೋಡಿ. ನೀರಿನ ಮೇಲ್ಮೈ ಲೋಟದ ತಳಕ್ಕೆ ಸಮವಾಗಿಯೇ ಇದೆ. ಲೋಟದ ಜೊತೆ ಅದೂ ಓರೆಯಾಗುತ್ತಿದೆ.

ತೂಗುವ ವಸ್ತುವಿನ ಮೇಲೆ ಇರುವುದು ಎರಡೇ ಬಲ. ಗುರುತ್ವ ಮತ್ತು ದಾರದ ಎಳೆತ. ಗುರುತ್ವ ಲೋಟವನ್ನೂ ನೀರನ್ನೂ ಒಟ್ಟಿಗೆ ಎಳೆಯುವುದರಿಂದ ಒಳಗಿರುವವರಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ದಾರದ ಎಳೆತ ಮಾತ್ರ. ಅದು ಯಾವಾಗಲೂ ದಾರದ ದಿಕ್ಕಿನಲ್ಲೇ ಇರುತ್ತದೆ. ಹಾಗಾಗಿ ಡಬ್ಬಿಯೊಳಗಿನ ರಸಮಟ್ಟಕ್ಕೆ "ಮೇಲೆ" ಅಂದರೆ ದಾರ ಇರುವ ದಿಕ್ಕು. ದಾರವೇ ಓರೆಯಾಗಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಗೊಂಡೋಲಾದ ಕತೆಯೂ ಹೆಚ್ಚುಕಡಿಮೆ ಇದೇ. ಬಲೂನಿಗೂ ಅದಕ್ಕೂ ನಡುವೆ 60 ಮೀಟರ್ ಹಗ್ಗ ಇದ್ದರೆ ಒಂದು ತೂಗಾಟಕ್ಕೆ ಸುಮಾರು 15 ಸೆಕೆಂಡ್, 100 ಮೀಟರ್ ಇದ್ದರೆ 20 ಸೆಕೆಂಡ್. ಸ್ವಲ್ಪವೇ ಸ್ವಲ್ಪ ತೂಗಿದರೂ ಹತ್ತಾರು ಆರ್ಕ್ ಸೆಕೆಂಡ್ ವಾಲುತ್ತದೆ. ಮೇಲೆ ಜೋರು ಗಾಳಿ ಇರುತ್ತದಲ್ಲ ಸಾರ್, ಅದಕ್ಕೇ ತೂಗುತ್ತದಾ ಅಂತ ಒಬ್ಬ ಹುಡುಗ ಕೇಳಿದ. ವಿಚಿತ್ರ ಅಂದರೆ ಅಲ್ಲಿ ಗೊಂಡೋಲಾಗೆ ಗಾಳಿ ತಾಗುವುದೇ ಅಪರೂಪ. ಬಲೂನು ಗಾಳಿಯ ಜೊತೆಗೇ ಹೋಗುತ್ತಿರುತ್ತದೆ. ತೂಗಾಟ ಬರುವುದು ಗಾಳಿಯ ವೇಗ ಎತ್ತರಕ್ಕೆ ತಕ್ಕಂತೆ ಬದಲಾಗುವುದರಿಂದ, ಬಲೂನು ಮೇಲೆ ಕೆಳಗೆ ಆಡುವುದರಿಂದ. ಗೊಂಡೋಲಾದ ಮೋಟಾರುಗಳು ತಾವೇ ಎಬ್ಬಿಸುವ ತೂಗಾಟವೂ ಉಂಟು.

ರಸಮಟ್ಟ ಕೈಕೊಟ್ಟರೆ ದಿಕ್ಸೂಚಿ ಇದೆಯಲ್ಲ? ನಿಮ್ಮ ಮೊಬೈಲಿನಲ್ಲೇ ಮ್ಯಾಗ್ನೆಟೊಮೀಟರ್ ಇದೆ. ಕಂಪಾಸ್ ತೆರೆದು ಈ ಕಬ್ಬಿಣದ ಮೈಕ್ ಸ್ಟ್ಯಾಂಡಿನ ಹತ್ತಿರ ತನ್ನಿ. ಉತ್ತರ ದಿಕ್ಕು ಎಲ್ಲೆಲ್ಲಿಗೋ ಓಡುತ್ತದೆ. ಗೊಂಡೋಲಾ ತುಂಬ ಮೋಟಾರು, ಬ್ಯಾಟರಿ, ಕಬ್ಬಿಣ. ಚೆನ್ನಾಗಿ ಸರಿಪಡಿಸಿಕೊಂಡರೂ ಒಂದು ಡಿಗ್ರಿ ಆಸುಪಾಸು ಸಿಕ್ಕರೆ ಪುಣ್ಯ. ಆ ವಿಷಯದಲ್ಲಿ ನಾವು ಹಾಸನದವರು ಅದೃಷ್ಟವಂತರು. ಕಾಂತ ಸಮಭಾಜಕ ಹತ್ತಿರ ಇರುವುದರಿಂದ ಇಲ್ಲಿ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿದೆ, ಮುಳ್ಳು ಗಟ್ಟಿಯಾಗಿ ಉತ್ತರ ಹಿಡಿಯುತ್ತದೆ. ದೊಡ್ಡ ಬಲೂನುಗಳು ಹಾರುವ ಅಂಟಾರ್ಕ್ಟಿಕಾದಲ್ಲಿ ಅದು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ನಿಂತಿರುತ್ತದೆ. ಅಲ್ಲಿ ಮುಳ್ಳಿಗೆ ಏನೂ ತೋಚುವುದಿಲ್ಲ.

ಸೂರ್ಯನನ್ನು ನೋಡುವ ಸೆನ್ಸರ್ ಇನ್ನೂ ಉತ್ತಮ. ಎರಡು ಜಿಪಿಎಸ್ ಆಂಟೆನಾ ದೂರ ದೂರ ಇಟ್ಟರೂ ಗೊಂಡೋಲಾ ಯಾವ ಕಡೆ ಮುಖ ಮಾಡಿದೆ ಅಂತ ತಿಳಿಯುತ್ತದೆ. ಆದರೆ ಇವೆಲ್ಲ ಆಕಾಶದ ಸರಿಯಾದ ಬೀದಿಗೆ ಕರೆತರುತ್ತವೆ ಅಷ್ಟೆ. ಮನೆ ನಂಬರ್ ಹೇಳುವುದು ಸ್ಟಾರ್ ಕ್ಯಾಮೆರಾ.

ಸ್ಟಾರ್ ಕ್ಯಾಮೆರಾ ಅಂದರೆ ಆಕಾಶದ ಫೋಟೋ ತೆಗೆದು, ಅದರಲ್ಲಿರುವ ಚುಕ್ಕೆಗಳು ಯಾವ ನಕ್ಷತ್ರಗಳು ಅಂತ ತಾನೇ ಗುರುತಿಸುವ ಕ್ಯಾಮೆರಾ. ಚುಕ್ಕೆ ಚುಕ್ಕೆಗಳ ನಡುವಿನ ಕೋನಗಳನ್ನು ಅಳೆಯುತ್ತದೆ. ಮೂರು ಚುಕ್ಕೆ ಸೇರಿದರೆ ಒಂದು ತ್ರಿಕೋನ. ಅಂಥದ್ದೇ ತ್ರಿಕೋನ ನಕ್ಷತ್ರ ಪಟ್ಟಿಯಲ್ಲಿ ಎಲ್ಲಿದೆ ಅಂತ ಹುಡುಕುತ್ತದೆ. ನಾಲ್ಕನೆಯದು, ಐದನೆಯದು ಹೊಂದಿದರೆ ಅನುಮಾನವೇ ಉಳಿಯುವುದಿಲ್ಲ. ಎಲ್ಲಿದ್ದೇನೆ, ಯಾವ ಕಡೆ ನೋಡುತ್ತಿದ್ದೇನೆ ಅಂತ ಏನೂ ಗೊತ್ತಿಲ್ಲದಿದ್ದರೂ ಬರೀ ಚಿತ್ರ ನೋಡಿ ಉತ್ತರ ಹೇಳಬಲ್ಲದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ಕ್ಯಾಂಪಸ್ಸಿನಿಂದ ಸಣ್ಣ ಬಲೂನುಗಳನ್ನು ಹಾರಿಸಿದವರು. ಅವರೇ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಕಂಪ್ಯೂಟರಿನ ಮೇಲೆ ಇಂಥ ಸೆನ್ಸರ್ ಮಾಡಿದರು. ಸ್ಟಾರ್‌ಬೆರಿಸೆನ್ಸ್ ಎಂಬ ಆ ಉಪಕರಣ 2023ರ ಏಪ್ರಿಲ್‌ನಲ್ಲಿ ಪಿಎಸ್‌ಎಲ್‌ವಿ ಸಿ55 ರಾಕೆಟ್ಟಿನ ಜೊತೆ ಬಾಹ್ಯಾಕಾಶಕ್ಕೂ ಹೋಯಿತು.

ಹಗಲಲ್ಲಿ ನಕ್ಷತ್ರ ಎಲ್ಲಿ ಕಾಣುತ್ತದೆ? ಅಂಟಾರ್ಕ್ಟಿಕಾ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವಲ್ಲ. ಆದರೂ ಕಾಣುತ್ತದೆ. ಅಷ್ಟು ಎತ್ತರದಲ್ಲಿ ಆಕಾಶ ಕಡು ಕಪ್ಪಿನ ಹತ್ತಿರ. ಉಳಿದ ಸ್ವಲ್ಪ ಬೆಳಕೂ ನೀಲಿ ಕಡೆಯದು. ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿ, ಮುಂದೆ ಒಂದು ಮೀಟರಿಗೂ ಉದ್ದದ ಕೊಳವೆ ಕಟ್ಟಿ ಅಕ್ಕಪಕ್ಕದ ಬೆಳಕು ತಡೆದರೆ ನಕ್ಷತ್ರಗಳು ಮೂಡುತ್ತವೆ. ಬ್ಲಾಸ್ಟ್ ಎಂಬ ಸುಮಾರು ಎರಡು ಮೀಟರ್ ಕನ್ನಡಿಯ ಟೆಲಿಸ್ಕೋಪು ಹೀಗೇ ಮಾಡಿತು.

ಆದರೆ ಕ್ಯಾಮೆರಾ ನಿಧಾನಿ. ಫೋಟೋ ತೆಗೆದು, ಹುಡುಕಿ, ಉತ್ತರ ಹೇಳುವಷ್ಟರಲ್ಲಿ ಒಂದು ಸೆಕೆಂಡೋ ಎರಡೋ ಕಳೆದಿರುತ್ತದೆ. ಅಷ್ಟರಲ್ಲಿ ಗೊಂಡೋಲಾ ಬೇರೆ ಕಡೆ ನೋಡುತ್ತಿರುತ್ತದೆ. ನಡುವಿನ ಹೊತ್ತನ್ನು ಗೈರೋ ತುಂಬುತ್ತದೆ. ಸುರುಳಿ ಸುತ್ತಿದ ಫೈಬರಿನಲ್ಲಿ ಬೆಳಕನ್ನು ಎರಡೂ ದಿಕ್ಕಿಗೆ ಬಿಟ್ಟು, ಯಾವುದು ಮೊದಲು ಬಂತು ಅಂತ ನೋಡಿ ತಿರುಗಿದ ವೇಗ ಹೇಳುವ ಸಾಧನ ಇದು. ಎಷ್ಟು ಸೂಕ್ಷ್ಮ ಅಂದರೆ, ಒಳ್ಳೆಯ ಗೈರೋವನ್ನು ಈ ಮೇಜಿನ ಮೇಲೆ ಅಲುಗಾಡದ ಹಾಗೆ ಇಟ್ಟರೂ ಅದು ತಿರುಗುತ್ತಿದ್ದೇನೆ ಅಂತಲೇ ಹೇಳುತ್ತದೆ. ನಿಜವೇ ತಾನೆ, ಭೂಮಿ ತಿರುಗುತ್ತಿದೆ. ಧ್ರುವ ನಕ್ಷತ್ರದ ಕಡೆ ಮುಖ ಮಾಡಿಟ್ಟರೆ ಗಂಟೆಗೆ 15 ಡಿಗ್ರಿ. ನೆಟ್ಟಗೆ ಮೇಲಕ್ಕೆ ಮುಖ ಮಾಡಿಟ್ಟರೆ ಹಾಸನದ ಅಕ್ಷಾಂಶ 13 ಡಿಗ್ರಿ ಇರುವುದರಿಂದ ಸುಮಾರು 3.4 ಡಿಗ್ರಿ. ಗೈರೋದ ದೋಷ ಏನೆಂದರೆ ಅದು ನಿಧಾನಕ್ಕೆ ದಾರಿ ತಪ್ಪುತ್ತದೆ. ಸಣ್ಣ ತಪ್ಪು ಕೂಡಿ ಕೂಡಿ ದೊಡ್ಡದಾಗುತ್ತದೆ. ಕ್ಯಾಮೆರಾ ಆಗಾಗ ಬಂದು ಸರಿಪಡಿಸುತ್ತದೆ. ಇಬ್ಬರ ಮಾತನ್ನೂ ಕೇಳಿ, ಯಾರನ್ನು ಎಷ್ಟು ನಂಬಬೇಕು ಅಂತ ಲೆಕ್ಕ ಹಾಕುವ ಗಣಿತಕ್ಕೆ ಕಾಲ್ಮನ್ ಫಿಲ್ಟರ್ ಅಂತ ಹೆಸರು. ಎಂಜಿನಿಯರಿಂಗ್ ಓದುವವರು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುತ್ತಾರೆ. ದಯವಿಟ್ಟು ಮರೆಯಬೇಡಿ.

ಇಲ್ಲಿ ಸ್ಥಾನ ಮತ್ತು ಸಮಯದ ವಿಷಯ ಬರುತ್ತದೆ. ಗುರಿ ಹಿಡಿಯುವುದು ಬೇರೆ, ಎಲ್ಲಿದ್ದೇವೆ ಅಂತ ತಿಳಿಯುವುದು ಬೇರೆ ಅಂತ ಅಂದುಕೊಳ್ಳುತ್ತೇವೆ. ಬಲೂನಿನಲ್ಲಿ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಭೂಮಿ ದುಂಡಗಿದೆ. ನೀವು 31 ಮೀಟರ್ ನಡೆದರೆ ನಿಮ್ಮ "ನೆಟ್ಟಗೆ ಮೇಲೆ" ಒಂದು ಆರ್ಕ್ ಸೆಕೆಂಡ್ ವಾಲುತ್ತದೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ತೇಲುವ ಬಲೂನಿಗೆ ಒಂದೂವರೆ ಸೆಕೆಂಡಿಗೊಮ್ಮೆ ಇಷ್ಟು ವಾಲುತ್ತದೆ. ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ಆಕಾಶ 15 ಆರ್ಕ್ ಸೆಕೆಂಡ್ ತಪ್ಪುತ್ತದೆ. ಹಾಗಾಗಿ ಜಿಪಿಎಸ್ ಇಲ್ಲದೆ ನಡೆಯುವುದಿಲ್ಲ.

ಎಲ್ಲ ಟೆಲಿಸ್ಕೋಪಿಗೂ ಕಲ್ಲಿನ ಹಾಗೆ ನಿಲ್ಲುವ ಹಟ ಬೇಕಿಲ್ಲ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಹೊಸಬರು ದುಡ್ಡು ಕಳೆಯುವುದೇ ಇಲ್ಲಿ. ಬ್ಲಾಸ್ಟ್ ಆಕಾಶವನ್ನು ಆಚೀಚೆ ಗುಡಿಸುತ್ತಾ ನಕ್ಷೆ ಬರೆಯುವ ಉಪಕರಣ. ಅದು ಯಾವ ಕ್ಷಣ ಎಲ್ಲಿ ನೋಡುತ್ತಿತ್ತು ಅಂತ ಕೆಲವೇ ಆರ್ಕ್ ಸೆಕೆಂಡಿನ ಮಟ್ಟಿಗೆ ಆಮೇಲೆ ಗೊತ್ತಾದರೆ ಸಾಕು. ಹಿಡಿತ ಅಷ್ಟು ಬಿಗಿ ಇರಬೇಕಿಲ್ಲ. ನೆಲಕ್ಕೆ ಬಂದ ಮೇಲೆ ಗೈರೋ, ಕ್ಯಾಮೆರಾ ಎರಡರ ದಾಖಲೆಯನ್ನೂ ಹಿಂದುಮುಂದು ಓಡಿಸಿ ಲೆಕ್ಕ ಕೂಡಿಸಬಹುದು. ಒಂದೇ ಕಡೆ ಐದು ನಿಮಿಷ ನೋಡಿ ಫೋಟೋ ತೆಗೆಯುವವರಿಗೆ ಮಾತ್ರ ಆ ಸೌಲಭ್ಯ ಇಲ್ಲ. ಕಲಸಿದ ಫೋಟೋ ಕಲಸಿದ್ದೇ.

ಸೂಪರ್‌ಬಿಟ್ ಈ ಎರಡನೇ ಜಾತಿಯದು. ಅದು ಒಂದೇ ಮೋಟಾರಿನ ಮೇಲೆ ಪೂರ್ತಿ ಭಾರ ಹಾಕಲಿಲ್ಲ. ಹೊರ ಚೌಕಟ್ಟು ಅಡ್ಡಡ್ಡ ತಿರುಗುವುದನ್ನು ನೋಡಿಕೊಳ್ಳುತ್ತದೆ, ಒಳಗಿನ ಎರಡು ಚೌಕಟ್ಟು ಉಳಿದ ಎರಡು ಅಕ್ಷಗಳನ್ನು. ಮೂರೂ ಸೇರಿ ಟೆಲಿಸ್ಕೋಪನ್ನು ಅರ್ಧ ಆರ್ಕ್ ಸೆಕೆಂಡಿನ ಆಸುಪಾಸಿಗೆ ಹಿಡಿಯುತ್ತವೆ. ಅಲ್ಲಿಂದ ಮುಂದೆ ಟನ್‌ಗಟ್ಟಲೆ ತೂಕ ಅಲುಗಿಸುವುದು ದಡ್ಡತನ. ಕೊನೆಯ ಕೆಲಸ ಒಂದು ಪುಟ್ಟ ಕನ್ನಡಿಯದು. ವಿದ್ಯುತ್ ಕೊಟ್ಟರೆ ಚೂರು ಹಿಗ್ಗುವ ಪೀಜೋ ಹರಳುಗಳು ಅದನ್ನು ಸೆಕೆಂಡಿಗೆ ಹತ್ತಾರು ಸಲ ಚೂರು ಚೂರು ವಾಲಿಸುತ್ತವೆ. ಟೆಲಿಸ್ಕೋಪು ಎಡಕ್ಕೆ ಜಾರಿದರೆ ಕನ್ನಡಿ ಬೆಳಕನ್ನು ಬಲಕ್ಕೆ ತರುತ್ತದೆ. ಹೀಗೆ ಚಿತ್ರದ ಅಲುಗಾಟ 0.05 ಆರ್ಕ್ ಸೆಕೆಂಡಿಗೆ ಬಂತು. ಮುಳ್ಳಯ್ಯನಗಿರಿಯ ಆ ಒಂದೂವರೆ ಸೆಂಟಿಮೀಟರ್ ಅಂದೆನಲ್ಲ, ಅದೇ. 2023ರ ಏಪ್ರಿಲ್‌ನಲ್ಲಿ ನ್ಯೂಜಿಲೆಂಡಿನ ವಾನಾಕಾದಿಂದ ಹೊರಟು, ಸುಮಾರು 40 ದಿನ ಭೂಮಿ ಸುತ್ತಿ, ಅರ್ಜೆಂಟೀನಾದಲ್ಲಿ ಇಳಿಯಿತು.

ಇಳಿಯುವುದು ಅಂದರೆ ಬೀಳುವುದೇ. ಪ್ಯಾರಾಶೂಟ್ ಬಿಚ್ಚಿಕೊಳ್ಳುವಾಗ ಬರುವ ಹೊಡೆತಕ್ಕೆ ಗೊಂಡೋಲಾ ತನ್ನ ತೂಕದ ಹತ್ತು ಪಟ್ಟು ತಡೆಯಬೇಕು ಅನ್ನುವುದು ನಾಸಾದ ನಿಯಮ. ಚೂರು ಚೂರು ವಾಲುವ ನಾಜೂಕು ಕನ್ನಡಿಯೂ ಅದರೊಳಗೇ ಇರುತ್ತದೆ ನೋಡಿ. 2006ರ ಡಿಸೆಂಬರಿನಲ್ಲಿ ಹಾರಿದ ಬ್ಲಾಸ್ಟ್ ಅಂಟಾರ್ಕ್ಟಿಕಾದಲ್ಲಿ ಇಳಿದ ಮೇಲೆ ಪ್ಯಾರಾಶೂಟ್ ಕಳಚಿಕೊಳ್ಳಲಿಲ್ಲ. ಗಾಳಿ ಅದನ್ನು ಮಂಜಿನ ಮೇಲೆ ಸುಮಾರು 200 ಕಿಲೋಮೀಟರ್ ಎಳೆದುಕೊಂಡು ಹೋಯಿತು. ಹಾಸನದಿಂದ ಬೆಂಗಳೂರಿಗಿಂತ ದೂರ! ಟೆಲಿಸ್ಕೋಪು ಪುಡಿಪುಡಿ. ಹಾರ್ಡ್ ಡಿಸ್ಕ್ ಇದ್ದ ಡಬ್ಬಿ ಮಾತ್ರ ಮಂಜಿನ ಮೇಲೆ ಸಿಕ್ಕಿತು, ದತ್ತಾಂಶ ಉಳಿಯಿತು. ಸೂಪರ್‌ಬಿಟ್‌ನವರು ಜಾಣರಾಗಿ, ಇಳಿಯುವ ಮೊದಲೇ ಮಾಹಿತಿ ತುಂಬಿದ ಎರಡು ಪುಟ್ಟ ಡಬ್ಬಿಗಳನ್ನು ಪ್ಯಾರಾಶೂಟ್ ಕಟ್ಟಿ ಕೆಳಗೆ ಬಿಟ್ಟಿದ್ದರು. ಎರಡೂ ಸಿಕ್ಕವು. ಒಂದರ ಸುತ್ತ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕಿನ ಹೆಜ್ಜೆ ಗುರುತಿತ್ತಂತೆ.

ಎಲ್ಲ ಸಲವೂ ಅದೃಷ್ಟ ಕೈ ಹಿಡಿಯುವುದಿಲ್ಲ. ಸೂರ್ಯನನ್ನು ನೋಡುವ ಸನ್‌ರೈಸ್ ಟೆಲಿಸ್ಕೋಪು 2022ರಲ್ಲಿ ಮೂರನೇ ಸಲ ಹಾರಿದಾಗ ಅದನ್ನು ಸೂರ್ಯನ ಕಡೆ ತಿರುಗಿಸಲಾಗದೆ ಕೆಲವೇ ಗಂಟೆಗಳಲ್ಲಿ ಇಳಿಸಬೇಕಾಯಿತು. ವರ್ಷಗಟ್ಟಲೆ ಕೆಲಸ. ಮತ್ತೆ ರಿಪೇರಿ ಮಾಡಿ 2024ರ ಜುಲೈನಲ್ಲಿ ಹಾರಿಸಿ ಗೆದ್ದರು.

ಇನ್ನು ಪ್ರಶ್ನೆಗಳು.

"ಬಲೂನನ್ನು ಬೇಕಾದ ಕಡೆ ಓಡಿಸೋಕಾಗುತ್ತಾ ಸಾರ್?" ಸ್ಟಿಯರಿಂಗ್ ಇಲ್ಲ. ಇರುವುದು ಮೇಲೆ ಕೆಳಗೆ ಮಾತ್ರ. ಭಾರಕ್ಕೆಂದು ತುಂಬಿದ ಕಬ್ಬಿಣದ ಹರಳು ಸುರಿದರೆ ಏರುತ್ತದೆ, ವಾಲ್ವ್ ತೆರೆದು ಹೀಲಿಯಂ ಬಿಟ್ಟರೆ ಇಳಿಯುತ್ತದೆ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ಕಡೆ ಬೀಸುತ್ತದೆ. ಬೇಕಾದ ಗಾಳಿ ಹಿಡಿದರೆ ಬೇಕಾದ ಕಡೆ ಹೋಗಬಹುದು. 2021ರಲ್ಲಿ ಮುಚ್ಚಿದ ಲೂನ್ ಯೋಜನೆಯವರು ಇಂಟರ್ನೆಟ್ ಬಲೂನುಗಳನ್ನು ಹೀಗೇ ಗಾಳಿ ಆರಿಸಿ ನಡೆಸುತ್ತಿದ್ದರು. ದೊಡ್ಡ ವಿಜ್ಞಾನ ಬಲೂನುಗಳಿಗೆ ಅಷ್ಟು ಆಟ ಆಡುವಷ್ಟು ಹರಳೂ ಇರುವುದಿಲ್ಲ, ಹೀಲಿಯಮ್ಮೂ ಇರುವುದಿಲ್ಲ. ಗಾಳಿಯ ಕಾಲ ನೋಡಿ ಹಾರಿಸುವುದೇ ಅವರ ಜಾಣತನ.

"ನಮ್ಮ ಹೊಲಕ್ಕೆ ಬಂದು ಬಿದ್ದರೆ?" ಈ ಪ್ರಶ್ನೆ ನಗುವ ವಿಷಯವಲ್ಲ. 2025ರ ಜನವರಿಯಲ್ಲಿ ಹೈದರಾಬಾದಿನ ಟಿಐಎಫ್‌ಆರ್ ಬಲೂನೊಂದು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಇಳಿದು ಜನ ಗಾಬರಿಯಾಗಿದ್ದರು. ಅಂಥದ್ದು ಸಿಕ್ಕರೆ ಬಿಚ್ಚಬೇಡಿ, ಪ್ಲಾಸ್ಟಿಕ್ ಕತ್ತರಿಸಿ ಮನೆಗೆ ಒಯ್ಯಬೇಡಿ. ಪೊಲೀಸರಿಗೆ ಹೇಳಿ.

"ನಾವು ಕಾಲೇಜಿನವರು ಒಂದು ಹಾರಿಸಬಹುದಾ?" ಮೊದಲು ವಿಮಾನಯಾನ ಅಧಿಕಾರಿಗಳ ಅನುಮತಿ ಬೇಕು. ಅದಿಲ್ಲದೆ ದಾರವನ್ನೂ ಕಟ್ಟಬೇಡಿ. ಆಮೇಲೆ ಜಿಪಿಎಸ್ ಕೊಳ್ಳುವಾಗ ನೋಡಿ ಕೊಳ್ಳಿ. ಎಷ್ಟೋ ಅಗ್ಗದ ರಿಸೀವರುಗಳು 18 ಕಿಲೋಮೀಟರ್ ದಾಟಿದ ಕೂಡಲೇ ಬಾಯಿ ಮುಚ್ಚುತ್ತವೆ. ಕ್ಷಿಪಣಿಗೆ ಬಳಸದಿರಲಿ ಅಂತ ಹಾಕಿದ ಹಳೇ ನಿರ್ಬಂಧ ಅದು. ಎತ್ತರದ ಹಾರಾಟದ ಮೋಡ್ ಇರುವುದನ್ನೇ ಆರಿಸಿ, ಆ ಮೋಡ್ ಹಾಕಲು ಮರೆಯಬೇಡಿ. ಹೈ ವೋಲ್ಟೇಜ್ ಸರ್ಕ್ಯೂಟ್ ಇದ್ದರೆ ಜಾಸ್ತಿ ಹುಷಾರು. ತೆಳು ಗಾಳಿಯಲ್ಲಿ ಕಿಡಿ ಹಾರುವುದು ನೆಲದಲ್ಲಿಗಿಂತ ಸುಲಭ. ಫ್ಯಾನ್ ಇಟ್ಟು ತಂಪು ಮಾಡುತ್ತೇನೆ ಅಂದರೆ ಬೀಸಲು ಗಾಳಿಯೇ ಇರುವುದಿಲ್ಲ.

ಆದರೆ ಹಾರಿಸುವ ಮೊದಲು ನೆಲದ ಮೇಲೆ ಮಾಡುವುದು ಬೇಕಾದಷ್ಟಿದೆ. ಮೋಡ ಇಲ್ಲದ ರಾತ್ರಿ ಊರ ಬೆಳಕಿನಿಂದ ದೂರ ಹೋಗಿ. ಕ್ಯಾಮೆರಾವನ್ನೋ ಒಳ್ಳೆಯ ಮೊಬೈಲನ್ನೋ ಟ್ರೈಪಾಡಿಗೆ ಹಾಕಿ ಆಕಾಶದ ಫೋಟೋ ತೆಗೆಯಿರಿ. ಕೆಲವೇ ಸೆಕೆಂಡ್ ತೆರೆದಿಡಿ, ಜಾಸ್ತಿ ಬೇಡ, ನಕ್ಷತ್ರ ಗೆರೆಯಾಗುತ್ತದೆ. ಆಸ್ಟ್ರೋಮೆಟ್ರಿ ಡಾಟ್ ನೆಟ್ ಅಂತ ಉಚಿತ ತಂತ್ರಾಂಶ ಇದೆ. ಸ್ಟಾರ್ ಕ್ಯಾಮೆರಾ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಫೋಟೋ ಕೊಟ್ಟರೆ ನೀವು ಆಕಾಶದ ಯಾವ ಬಿಂದುವನ್ನು ನೋಡುತ್ತಿದ್ದಿರಿ ಅಂತ ಹೇಳುತ್ತದೆ. ಸರಿಯಾಗಿ ಹತ್ತು ನಿಮಿಷ ಬಿಟ್ಟು, ಟ್ರೈಪಾಡ್ ಮುಟ್ಟದೆ ಇನ್ನೊಂದು ಫೋಟೋ ತೆಗೆದು ಅದನ್ನೂ ಕೊಡಿ. ಎರಡೂ ಉತ್ತರಗಳಲ್ಲಿ ವಿಷುವದಂಶ, ಅಂದರೆ ಆಕಾಶದಲ್ಲಿ ಪೂರ್ವ ಪಶ್ಚಿಮವಾಗಿ ಅಳೆಯುವ ಕೋನ, ಎರಡೂವರೆ ಡಿಗ್ರಿ ಬದಲಾಗಿರಬೇಕು. ಬದಲಾಗಿಲ್ಲ ಅಂದರೆ ನಿಮ್ಮ ಟ್ರೈಪಾಡ್ ಅಲುಗಿದೆ, ಇಲ್ಲವೇ ಗಡಿಯಾರ ನೋಡಿದ್ದು ತಪ್ಪಾಗಿದೆ.